ಒಂದೇ ವರ್ಷದಲ್ಲಿ ಮೂರು ಕಾಯಿಲ್ ಸುಟ್ಟ ಸ್ಟಾರ್ಟರ್

ತಿಪಟೂರು ಕಡೆಯ ನಮ್ಮ ತೆಂಗಿನ ತೋಟದ ಪಂಪ್‌ಮನೆಯಲ್ಲಿ ಒಂದು ಹಳೆಯ ಸ್ಟಾರ್ಟರ್ ಇದೆ. ಏಳೂವರೆ ಎಚ್‌ಪಿ ಮೋಟಾರಿನದು. ತಗಡಿನ ಪೆಟ್ಟಿಗೆ, ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಯುಗಾದಿಯಿಂದ ದೀಪಾವಳಿಯೊಳಗೆ ಅದು ಎರಡು ಕಾಯಿಲ್, ಎಂದರೆ ಒಳಗಿನ ತಾಮ್ರದ ತಂತಿಯ ಸುರುಳಿ, ಸುಟ್ಟಿತ್ತು. ದೀಪಾವಳಿ ಕಳೆದು ಹದಿನೈದು ದಿನಕ್ಕೆ ಮೂರನೆಯದೂ ಹೋಯಿತು. ಅಪ್ಪನ ತೀರ್ಪು ಮೊದಲೇ ಸಿದ್ಧವಾಗಿತ್ತು: “ಈಗಿನ ಕಾಯಿಲ್‌ಗಳಲ್ಲಿ ತಾಮ್ರ ಎಲ್ಲಿದೆ? ಬರೀ ಬಣ್ಣ.” ಎರಡು ಸಲ ನಾನೂ ಹೌದೆಂದು ತಲೆಯಾಡಿಸಿ, ಹೊಸದನ್ನು ತಂದು ಹಾಕಿ, ಬಸ್ ಹತ್ತಿದ್ದೆ. ಮೂರನೆಯ ಸಲ ಹಾಗೆ ಮಾಡಲು ನಾಚಿಕೆಯಾಯಿತು.

ಶನಿವಾರ ಬೆಳಿಗ್ಗೆ ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಒಳಬರುವ ತಂತಿಗಳನ್ನು ಮೀಟರಿನಿಂದ ಒಂದೊಂದಾಗಿ ಪರೀಕ್ಷಿಸಿ, ಸ್ಟಾರ್ಟರನ್ನು ಗೋಡೆಯಿಂದ ಇಳಿಸಿದೆ. ಫ್ಯೂಸ್ ಜೇಬಿನಲ್ಲಿರುವುದು ಮುಖ್ಯ. ಕಿತ್ತು ಕಿಟಕಿಯ ಮೇಲಿಟ್ಟರೆ, ಕರೆಂಟ್ ಬಂದಾಗ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಮತ್ತೆ ಸಿಕ್ಕಿಸಿಬಿಡುತ್ತಾರೆ. ಈ ಕಾಯಿಲ್‌ಗೆ ಬರುವುದು ಎರಡು ಫೇಸ್‌ಗಳ ನಡುವಿನ 415 ವೋಲ್ಟ್. ಮನೆಯ ಪ್ಲಗ್ಗಿನ ಹೊಡೆತ ತಿಂದು ಬದುಕಿದ ಧೈರ್ಯ ಇಲ್ಲಿ ಉಪಯೋಗಕ್ಕೆ ಬಾರದು.

ಒಳಗಿರುವುದು ಸರಳ ಯಂತ್ರ. ಇಂಗ್ಲಿಷಿನ ‘ಇ’ ಅಕ್ಷರದ ಆಕಾರದ ಎರಡು ಕಬ್ಬಿಣದ ತುಂಡುಗಳು ಎದುರುಬದುರಾಗಿ ಕೂತಿವೆ. ಒಂದು ಕದಲುವುದಿಲ್ಲ, ಅದರ ನಡುಗಾಲಿಗೆ ಕಾಯಿಲ್ ಹಾಕಿದೆ. ಇನ್ನೊಂದು ಸ್ಪ್ರಿಂಗ್ ಮೇಲೆ ನಿಂತಿದೆ. ಮೋಟಾರಿನ ಮೂರು ಕಾಂಟ್ಯಾಕ್ಟ್‌ಗಳು ಇರುವುದು ಅದರ ಬೆನ್ನ ಮೇಲೆ. ಹಸಿರು ಗುಂಡಿ ಒತ್ತಿದರೆ ಕಾಯಿಲ್‌ನಲ್ಲಿ ಕರೆಂಟ್ ಹರಿದು ಕಬ್ಬಿಣ ಕಾಂತವಾಗುತ್ತದೆ, ಎದುರಿನದನ್ನು ಟಕ್ಕೆಂದು ಎಳೆದುಕೊಳ್ಳುತ್ತದೆ, ಮೋಟಾರು ಓಡುತ್ತದೆ. ಕರೆಂಟ್ ಹೋದರೆ ಹಿಡಿತ ಬಿಡುತ್ತದೆ. ಅದಕ್ಕೇ ಅದರ ಹೆಸರು ನೋ ವೋಲ್ಟ್ ಕಾಯಿಲ್. ಕಬ್ಬಿಣ ಒಂದೇ ಗಟ್ಟಿಯಲ್ಲ, ತೆಳುವಾದ ಹಾಳೆಗಳ ಕಟ್ಟು. ಗಟ್ಟಿಯಾಗಿದ್ದಿದ್ದರೆ ಬದಲಾಗುವ ಕಾಂತಕ್ಷೇತ್ರ ಅದರೊಳಗೇ ಸುಳಿ ಪ್ರವಾಹ ಎಬ್ಬಿಸಿ ಬರೀ ಶಾಖ ಮಾಡುತ್ತಿತ್ತು.

ಸುಟ್ಟ ಕಾಯಿಲ್ ಕೈಗೆ ಬಂದಾಗ ಕರಿದ ಎಣ್ಣೆಯ ಕಮಟು ವಾಸನೆ. ತಂತಿ ಸುತ್ತುವ ಬಾಬಿನ್ ಒಂದು ಮಗ್ಗುಲಿಗೆ ಕರಗಿ ಸೊಟ್ಟಗಾಗಿತ್ತು. ಅದನ್ನು ಹಿಡಿದುಕೊಂಡು ಪೇಟೆಯ ವೈಂಡಿಂಗ್ ಅಂಗಡಿಗೆ ಹೋದೆ. ಅಲ್ಲಿನ ಯಜಮಾನರು ಅದನ್ನು ತಿರುಗಿಸಿ ನೋಡಿ, ಅಪ್ಪ ಹೇಳಿದ ಬಣ್ಣದ ಮಾತಿಗೆ ನಕ್ಕು, ಒಂದೇ ಪ್ರಶ್ನೆ ಕೇಳಿದರು: “ಎರಡೂ ಇ ಒಂದಕ್ಕೊಂದು ಪೂರ್ತಿ ಕೂರುತ್ತವೆಯೇ, ನೋಡಿದ್ದೀರಾ?” ನೋಡಿರಲಿಲ್ಲ. ಹೊಸ ಕಾಯಿಲ್ ಕೊಡಲೇ ಎಂದರು. ಬೇಡ, ಬಾಬಿನ್ ಮತ್ತು ತಂತಿ ಕೊಡಿ, ನಾನೇ ಸುತ್ತುತ್ತೇನೆ ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿ, ತಕ್ಕಡಿಯಲ್ಲಿ 40 ನಂಬರ್ ಎನಾಮಲ್ ತಂತಿ ತೂಗಿ ಕೊಟ್ಟರು. ಕೂದಲಿಗಿಂತ ಸ್ವಲ್ಪ ದಪ್ಪ, 0.12 ಮಿಲಿಮೀಟರ್. ಸುಟ್ಟ ಕಾಯಿಲ್‌ನಿಂದ ಬಿಚ್ಚಿದ ತಾಮ್ರ 58 ಗ್ರಾಂ ತೂಗಿತು; ಅಂದರೆ ‘ಬರೀ ಬಣ್ಣ’ ಎಂಬ ಆರೋಪ ಅಲ್ಲಿಗೇ ಬಿದ್ದುಹೋಯಿತು.

ಎಷ್ಟು ಸುತ್ತು ಎಂಬುದಕ್ಕೆ ಲೆಕ್ಕವಿದೆ. ಸದಾ ದಿಕ್ಕು ಬದಲಿಸುವ ಎಸಿ ಕರೆಂಟಿನ ಕಾಯಿಲ್‌ನ ವೋಲ್ಟೇಜ್ ಎಂದರೆ 4.44, ಸೆಕೆಂಡಿಗೆ 50 ಆವರ್ತ, ಸುತ್ತುಗಳ ಸಂಖ್ಯೆ, ನಡುಗಾಲಿನ ಅಡ್ಡಕೊಯ್ತದ ವಿಸ್ತೀರ್ಣ ಮತ್ತು ಟೆಸ್ಲಾದಲ್ಲಿ ಕಾಂತಕ್ಷೇತ್ರ, ಇವೆಲ್ಲದರ ಗುಣಲಬ್ಧ. ನನ್ನ ನಡುಗಾಲು 16 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ದಪ್ಪ. ಹಾಳೆಗಳು ಕಾಂತಬಲ ತುಂಬಿ ಉಸಿರುಕಟ್ಟದಂತೆ 1.1 ಟೆಸ್ಲಾ ಇಟ್ಟುಕೊಂಡರೆ 5311 ಸುತ್ತು ಬರುತ್ತದೆ. 5300 ಎಂದು ನಿರ್ಧರಿಸಿದೆ.

5300 ಸುತ್ತನ್ನು ಬಾಯಲ್ಲಿ ಎಣಿಸುವಷ್ಟು ಪುಣ್ಯವಂತ ನಾನಲ್ಲ. ಕೈ ಡ್ರಿಲ್ಲನ್ನು ವೈಸ್‌ಗೆ ಕಚ್ಚಿಸಿ, ಬಿಟ್ ಹಿಡಿಯುವ ಚಕ್ಕಿಗೆ ಮರದ ತುಂಡು, ಮರದ ತುಂಡಿಗೆ ಬಾಬಿನ್. ಚಕ್ಕಿನ ಪಕ್ಕಕ್ಕೆ ಹಳೆಯ ಮೊಬೈಲ್ ಚೀಲದ ಮುಚ್ಚಳದಿಂದ ಕಿತ್ತ ಗುಂಡಿ ಗಾತ್ರದ ಆಯಸ್ಕಾಂತ ಅಂಟಿಸಿದೆ. ಎದುರಿಗೆ ಒಂದು ರೀಡ್ ಸ್ವಿಚ್: ಗಾಜಿನ ನಳಿಗೆಯಲ್ಲಿ ಎರಡು ತೆಳು ಕಬ್ಬಿಣದ ನಾಲಿಗೆಗಳು, ಆಯಸ್ಕಾಂತ ಹತ್ತಿರ ಬಂದಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದರ ಎರಡು ತುದಿಗಳನ್ನು ಅಗ್ಗದ ಕ್ಯಾಲ್ಕುಲೇಟರಿನ ‘=’ ಗುಂಡಿಯ ಕೆಳಗಿನ ಎರಡು ಗೆರೆಗಳಿಗೆ ಬೆಸೆದೆ. 1 + 1 ಒತ್ತಿ ಬಿಟ್ಟರೆ ಪ್ರತಿ ಸುತ್ತಿಗೂ ಒಂದೊಂದು ಏರುತ್ತದೆ. ಆದರೆ ಸೆಕೆಂಡಿಗೆ ಐದಾರು ಸುತ್ತಿಗಿಂತ ಜೋರಾಗಿ ತಿರುಗಿಸಿದರೆ ಕ್ಯಾಲ್ಕುಲೇಟರ್ ಎಣಿಕೆ ನುಂಗುತ್ತದೆ. ಇದು ಗೊತ್ತಾಗುವ ಹೊತ್ತಿಗೆ ಒಂಬೈನೂರು ಸುತ್ತು ಆಗಿತ್ತು, ಬಿಚ್ಚಿ ಮತ್ತೆ ಶುರು. 3140ರ ಹತ್ತಿರ ತಂತಿ ಒಮ್ಮೆ ತುಂಡಾಯಿತು. ತುದಿಗಳ ಎನಾಮಲ್ ಬ್ಲೇಡಿನಿಂದ ಕೆರೆದು, ಬೆಸೆದು, ಕಾಗದ ಸುತ್ತಿ ಮುಂದುವರಿಸಿದೆ.

ಪಕ್ಕದಲ್ಲಿ ಅಣ್ಣನ ಮಗಳು ಕುಳಿತಿದ್ದಳು. ಹತ್ತನೆಯ ತರಗತಿ, ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠ ಆಗಷ್ಟೇ ಮುಗಿದಿತ್ತು. “ಚಿಕ್ಕಪ್ಪ, ಒಂದರ ಮೇಲೊಂದು ಸುತ್ತಿದರೆ ಶಾರ್ಟ್ ಆಗುವುದಿಲ್ಲವೇ?” ಎಂದಳು. ಈ ಪ್ರಶ್ನೆಗೆ ಇನ್ನೂರು ವರ್ಷ ವಯಸ್ಸಾಗಿದೆ. 1820ರಲ್ಲಿ ಕೋಪನ್‌ಹೇಗನ್‌ನ ಅರ್ಸ್ಟೆಡ್ ತಂತಿಯಲ್ಲಿ ಕರೆಂಟ್ ಹರಿಸಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗಿದ್ದನ್ನು ಕಂಡ. ಐದು ವರ್ಷಕ್ಕೆ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಲಾಳದಂತೆ ಬಗ್ಗಿಸಿದ ಕಬ್ಬಿಣಕ್ಕೆ ತಂತಿ ಸುತ್ತಿ ವಿದ್ಯುತ್ಕಾಂತ ಮಾಡಿದ. ಆದರೆ ಅವನು ವಾರ್ನಿಷ್ ಬಳಿದದ್ದು ಕಬ್ಬಿಣಕ್ಕೆ, ತಂತಿ ಬೆತ್ತಲೆ. ಸುತ್ತುಗಳು ಪರಸ್ಪರ ತಾಗದಂತೆ ಬಿಡಿಬಿಡಿಯಾಗಿ ಸುತ್ತಬೇಕಾದ್ದರಿಂದ ಹದಿನೆಂಟು ಸುತ್ತಿಗೇ ನಿಂತಿತು. ಅಮೆರಿಕದ ಜೋಸೆಫ್ ಹೆನ್ರಿ ಹೊದಿಕೆಯನ್ನು ತಂತಿಗೇ ಹಾಕಿದ. ಆಗ ಒಂದರ ಮೇಲೊಂದು ಎಷ್ಟಾದರೂ ಸುತ್ತಬಹುದಾಯಿತು. 1831ರ ಹೊತ್ತಿಗೆ ಅವನ ಕಾಂತ ಒಂಬೈನೂರು ಕಿಲೋಗೂ ಹೆಚ್ಚು ಭಾರ ಎತ್ತುತ್ತಿತ್ತು. ನನ್ನ ಡ್ರಿಲ್ಲಿನಲ್ಲಿ ತಿರುಗುತ್ತಿದ್ದದ್ದು ಹೆನ್ರಿಯ ಉಪಾಯವೇ, ಹೊದಿಕೆಯಷ್ಟೇ ಎನಾಮಲ್ಲಿನದು.

ಸುತ್ತಿ ಮುಗಿದ ಮೇಲೆ ಮೀಟರಿನಲ್ಲಿ 820 ಓಮ್ ಬಂತು. ತಂತಿಯ ಉದ್ದ ಸುಮಾರು 560 ಮೀಟರ್, ಅರ್ಧ ಕಿಲೋಮೀಟರಿಗೂ ಹೆಚ್ಚು. ಲೆಕ್ಕಕ್ಕೆ ಸರಿಹೊಂದಿತು.

ಎರಡೂ ಇ ಜೋಡಿಸಿ, ಕಾಯಿಲ್‌ಗೆ 9 ವೋಲ್ಟ್ ಬ್ಯಾಟರಿ ತಾಗಿಸಿದೆವು. ಹನ್ನೊಂದೇ ಮಿಲಿಆಂಪಿಯರ್. ಆದರೂ ಮೇಲಿನ ಇ ಅಂಟಿಕೊಂಡಿತು. ಒಂದು ಗೇಣು ದೂರದಲ್ಲಿದ್ದ ದಿಕ್ಸೂಚಿಯ ಮುಳ್ಳೂ ಅತ್ತ ವಾಲಿತು. ಕರೆಂಟ್ ಚಿಕ್ಕದು, ಸುತ್ತು ದೊಡ್ಡದು. ಕಾಂತಕ್ಕೆ ಬೇಕಾದದ್ದು ಎರಡರ ಗುಣಲಬ್ಧ. ಇಷ್ಟು ಹೇಳಿ ನಾನು ಎರಡೂ ತುದಿಗಳನ್ನು ಬೆರಳಲ್ಲಿ ಹಿಡಿದುಕೊಂಡೇ ಬ್ಯಾಟರಿ ಎಳೆದೆ. ಮೊಣಕೈವರೆಗೆ ಚಾಟಿ ಬೀಸಿದ ಹಾಗಾಯಿತು. ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ಶಾಕ್ ಹೊಡೆಸಿಕೊಂಡವನನ್ನು ಕಂಡು ಹುಡುಗಿ ಮಾಡಿದ ನಗೆ ಅಪ್ಪನನ್ನು ತೋಟದಿಂದ ಕರೆತಂದಿತು.

ಬ್ಯಾಟರಿ ಹೊಡೆಯಲಿಲ್ಲ, ಕಾಯಿಲ್ ಹೊಡೆಯಿತು. ಕಬ್ಬಿಣದಲ್ಲಿ ತುಂಬಿದ್ದ ಕಾಂತಬಲರೇಖೆಗಳು ಕರೆಂಟ್ ಕಡಿದೊಡನೆ ಕುಸಿದು ಆ 5300 ಸುತ್ತುಗಳನ್ನೂ ಒಟ್ಟಿಗೆ ಕತ್ತರಿಸಿದವು. ಪ್ರತಿ ಸುತ್ತೂ ಹರಿಯುತ್ತಿದ್ದ ಕರೆಂಟನ್ನು ಉಳಿಸಿಕೊಳ್ಳಲು ತನ್ನ ಪಾಲಿನ ವೋಲ್ಟೇಜ್ ಹುಟ್ಟಿಸಿತು. ಹನ್ನೊಂದು ಮಿಲಿಆಂಪಿಯರ್ ಹೋಗಲು ಬೇರೆ ದಾರಿ ಇರಲಿಲ್ಲ, ನನ್ನ ಎರಡು ಬೆರಳುಗಳಿದ್ದವು. 1831ರಲ್ಲಿ ಮೈಕಲ್ ಫ್ಯಾರಡೆ ಕಂಡುಹಿಡಿದ ಪ್ರೇರಣೆ ಇದೇ. ಕ್ಷೇತ್ರ ಇದ್ದರೆ ಸಾಲದು, ಬದಲಾಗಬೇಕು. ಬದಲಾದಾಗ ಕಾಯಿಲ್ ಆ ಬದಲಾವಣೆಗೆ ಅಡ್ಡ ನಿಲ್ಲುತ್ತದೆ. ನನ್ನ ಸ್ಟಾರ್ಟರಿನ ಇಡೀ ರೋಗ ಈ ಅಡ್ಡ ನಿಲ್ಲುವ ಗುಣದಲ್ಲಿ ಅಡಗಿದೆ ಎಂದು ಆಗ ಹೊಳೆಯಲಿಲ್ಲ, ಬೆರಳು ಉಜ್ಜಿಕೊಳ್ಳುತ್ತಿದ್ದೆ.

ಭಾನುವಾರ ಅಂಗಡಿಯ ಯಜಮಾನರ ಪ್ರಶ್ನೆಯನ್ನು ಕೈಗೆತ್ತಿಕೊಂಡೆ. ಪೂರ್ತಿ ಕೂರದಿದ್ದರೆ ಏನಾಗುತ್ತದೆ? 415 ವೋಲ್ಟಿನಲ್ಲಿ ಇದನ್ನು ಮೇಜಿನ ಮೇಲೆ ಪರೀಕ್ಷಿಸುವುದು ಮೂರ್ಖತನ. ಹಳೆಯ ಆಂಪ್ಲಿಫೈಯರಿನ 12-0-12 ಟ್ರಾನ್ಸ್‌ಫಾರ್ಮರ್ ಇತ್ತು. ಎರಡು ಹೊರ ತುದಿಗಳ ನಡುವೆ 24 ವೋಲ್ಟ್ ಎಸಿ. ಎಸಿ ಮಿಲಿಆಂಪಿಯರ್ ಅಳೆಯುವ ಮೀಟರನ್ನು ಗೆಳೆಯನೊಬ್ಬನಿಂದ ತಂದಿದ್ದೆ, ಏಕೆಂದರೆ ಅಗ್ಗದ ಹಳದಿ ಮೀಟರುಗಳಿಗೆ ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟ್ ಮಾತ್ರ ಗೊತ್ತು. ಎರಡು ಇಗಳ ನಡುವೆ ಅಂತರಕ್ಕೆ ಇಡಲು ಮದುವೆಯ ಕರೆಯೋಲೆಗಳನ್ನು ಕತ್ತರಿಸಿದೆ. ಪ್ರತಿ ರಟ್ಟು 0.3 ಮಿಲಿಮೀಟರ್.

ರಟ್ಟಿಲ್ಲದೆ ಎರಡೂ ಇ ಒತ್ತಿ ಕೂತಾಗ 1.2 ಮಿಲಿಆಂಪಿಯರ್. ಒಂದು ರಟ್ಟು ಇಟ್ಟೆ: 3.7. ಮೂರು ರಟ್ಟಿಗೆ 9.7, ಹತ್ತಕ್ಕೆ 18. ಮೇಲಿನ ಇಯನ್ನು ಅದು ಎಂದಿನಂತೆ ತೆರೆದು ನಿಲ್ಲುವ ಎತ್ತರಕ್ಕೆ ಎತ್ತಿ ಹಿಡಿದಾಗ 24. ಅದೇ ಕಾಯಿಲ್, ಅದೇ ವೋಲ್ಟೇಜ್. ಮೀಟರ್ ಕೆಟ್ಟಿದೆಯೇನೋ ಎಂದು ಬ್ಯಾಟರಿ ಹಾಕಿ ನೋಡಿದೆ: ಡಿಸಿಯಲ್ಲಿ ರಟ್ಟು ಇರಲಿ ಬಿಡಲಿ, ಹನ್ನೊಂದು ಹನ್ನೊಂದೇ.

ಡಿಸಿಯಲ್ಲಿ ಕರೆಂಟಿಗೆ ಅಡ್ಡ ಬರುವುದು ತಂತಿಯ 820 ಓಮ್ ಮಾತ್ರ. ಎಸಿಯಲ್ಲಿ ಹಾಗಲ್ಲ. ಕ್ಷೇತ್ರ ಸದಾ ಬದಲಾಗುತ್ತಿರುವುದರಿಂದ ಕಾಯಿಲ್ ಸದಾ ಅಡ್ಡ ನಿಂತಿರುತ್ತದೆ, ನಿನ್ನೆ ನನ್ನ ಬೆರಳಿಗೆ ಹೊಡೆದ ಆ ವೋಲ್ಟೇಜೇ ಈಗ ಬರುವ ಕರೆಂಟನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಎಷ್ಟು ಕಾಂತಬಲ ಬೇಕೆಂದು ಗೊತ್ತುಮಾಡುವುದು ವೋಲ್ಟೇಜ್. ಅದಕ್ಕೆ ಎಷ್ಟು ಕರೆಂಟ್ ತೆರಬೇಕೆಂದು ಗೊತ್ತುಮಾಡುವುದು ದಾರಿ. ದಾರಿಯೆಲ್ಲ ಕಬ್ಬಿಣವಾದರೆ ಪುಡಿಗಾಸು ಸಾಕು. ನಡುವೆ ಕೂದಲೆಳೆಯಷ್ಟು ಗಾಳಿ ಬಂದರೆ, ಬಲರೇಖೆಗಳನ್ನು ಆ ಗಾಳಿ ದಾಟಿಸಲು ಮೂರು ಪಟ್ಟು ಕರೆಂಟ್ ಬೇಕಾಗುತ್ತದೆ.

ಈ ಅಂಕಿಗಳನ್ನು 415ಕ್ಕೆ ಏರಿಸಿ ನೋಡಿದೆ. ಕಬ್ಬಿಣ ತುಂಬುತ್ತಾ ಬಂದಂತೆ ಲೆಕ್ಕ ಪೂರ್ತಿ ನೇರವಾಗಿ ಉಳಿಯುವುದಿಲ್ಲ, ಆದರೂ ಅಂದಾಜಿಗೆ ಸಾಕು. ಸರಿಯಾಗಿ ಕೂತಾಗ 21 ಮಿಲಿಆಂಪಿಯರ್, ತಂತಿಯಲ್ಲಿ ಅರ್ಧ ವ್ಯಾಟಿಗೂ ಕಡಿಮೆ ಶಾಖ. ಒಂದು ರಟ್ಟಿನ ಅಂತರಕ್ಕೆ 64, ಮೂರೂವರೆ ವ್ಯಾಟ್. ನಿಧಾನವಾಗಿ, ಗಂಟೆಗಟ್ಟಲೆ ಬೇಯುತ್ತದೆ. ಪೂರ್ತಿ ತೆರೆದೇ ನಿಂತರೆ 410 ಮಿಲಿಆಂಪಿಯರ್, ಹತ್ತಿರಹತ್ತಿರ 140 ವ್ಯಾಟ್. ಮುಷ್ಟಿಯೊಳಗೆ ಅಡಗುವ ಅರವತ್ತು ಗ್ರಾಂ ತಾಮ್ರದಲ್ಲಿ ಅಷ್ಟು ಶಾಖ ಎಂದರೆ ಸೆಕೆಂಡಿಗೆ ಆರು ಡಿಗ್ರಿ ಏರಿಕೆ. ಪ್ರತಿ ಸಲ ಸ್ಟಾರ್ಟ್ ಆಗುವಾಗಲೂ ಈ 410 ಬಂದೇ ಬರುತ್ತದೆ, ಆದರೆ ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು. ಕಾಯಿಲ್ ತಯಾರಿಸುವವರು ನಂಬುವುದು ಆ ರೆಪ್ಪೆ ಬಡಿತವನ್ನು.

ಇಷ್ಟಾದ ಮೇಲೆ ಕಬ್ಬಿಣದ ಮುಖಗಳನ್ನು ಬಿಸಿಲಿಗೆ ಹಿಡಿದು ನೋಡಿದೆ, ಮೊದಲ ದಿನವೇ ಮಾಡಬೇಕಿದ್ದ ಕೆಲಸ. ಪೆಟ್ಟಿಗೆಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಡಜ ಸಂಸಾರ ಹೂಡಿತ್ತು. ಗೂಡಿನಿಂದ ಉದುರಿದ ಮಣ್ಣು, ಹಳೆಯ ಗ್ರೀಸು, ತುಕ್ಕು ಎಲ್ಲ ಸೇರಿ ಒಂದು ಹೊರಗಾಲಿನ ಮುಖದ ಮೇಲೆ ಅರೆದು ಮೆತ್ತಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಉಗುರಿಗೆ ಏಳಲಿಲ್ಲ, ಸೀಮೆಎಣ್ಣೆಯಲ್ಲಿ ನೆನೆಸಿ ಕೆರೆಯಬೇಕಾಯಿತು. ಎಬ್ಬಿಸಿದ ಚಕ್ಕೆಯನ್ನು ವರ್ನಿಯರಿನಲ್ಲಿ ಹಿಡಿದೆ: ಮದುವೆ ಕರೆಯೋಲೆಯಷ್ಟೇ ದಪ್ಪ. ಮೂರು ಕಾಯಿಲ್ ನುಂಗಿದ್ದು ಇದು.

ಇಲ್ಲಿಗೆ ನಿಲ್ಲಿಸಿದ್ದರೆ ಬುದ್ಧಿವಂತನಾಗುತ್ತಿದ್ದೆ. ಎರಡೂ ಇ ಜೋಡಿಸಿ ಬೆಳಕಿಗೆ ಹಿಡಿದಾಗ, ಹೊರಗಾಲುಗಳು ಕೂಡಿದರೂ ನಡುಗಾಲುಗಳ ನಡುವೆ ಸಣ್ಣ ಸಂದು ಕಂಡಿತು. ಅಂತರವೇ ಶತ್ರು ಎಂದು ಆಗಷ್ಟೇ ಕಲಿತವನಿಗೆ ಅದು ಸವೆತ ಅನ್ನಿಸಿತು. ಅರದಿಂದ ಹೊರಗಾಲುಗಳನ್ನು ಉಜ್ಜಿ ಮೂರೂ ಕಾಲು ಸಮ ಮಾಡಿದೆ. ಸಂಜೆ ಗೋಡೆಗೇರಿಸಿ, ಮೋಟಾರಿನ ತಂತಿ ಬಿಚ್ಚಿಟ್ಟೇ ಕರೆಂಟ್ ಕೊಟ್ಟೆ. ಹಸಿರು ಒತ್ತಿದೆ, ಟಕ್. ಕೆಂಪು ಒತ್ತಿದೆ, ಸದ್ದಿಲ್ಲ. ಮತ್ತೆ ಒತ್ತಿದೆ. ಫ್ಯೂಸ್ ಕಿತ್ತರೂ ಕಾಂತ ಬಿಡಲೊಲ್ಲದು. ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದ ಮೇಲೆ ಬಿತ್ತು. ಮೋಟಾರು ಜೋಡಿಸಿದ್ದಿದ್ದರೆ ಕೆಂಪು ಗುಂಡಿಗೆ ಜಗ್ಗದೆ ಓಡುತ್ತಲೇ ಇರುತ್ತಿತ್ತು.

ಆ ಸಂದು ಸವೆತವಲ್ಲ, ಬೇಕೆಂದೇ ಬಿಟ್ಟದ್ದು. ಕರೆಂಟ್ ಹೋದ ಮೇಲೂ ಕಬ್ಬಿಣದಲ್ಲಿ ಒಂದಿಷ್ಟು ಕಾಂತತ್ವ ಉಳಿಯುತ್ತದೆ. ಆಯಸ್ಕಾಂತಕ್ಕೆ ಉಜ್ಜಿದ ಮೊಳೆ ಆಮೇಲೂ ಗುಂಡುಸೂಜಿ ಎತ್ತುವುದಿಲ್ಲವೇ, ಹಾಗೆ. ದಾರಿ ಪೂರ್ತಿ ಕಬ್ಬಿಣವಾಗಿದ್ದರೆ ಆ ಉಳಿಕೆಯೇ ಸ್ಪ್ರಿಂಗನ್ನು ಮೀರಿ ಹಿಡಿದುಕೊಳ್ಳುತ್ತದೆ. ಅದಕ್ಕೆ ನಡುವೆ ಕಾಗದದಷ್ಟು ಗಾಳಿ ಇಟ್ಟಿರುತ್ತಾರೆ. ಹಿಡಿಯಲು ಅಡ್ಡಿಯಾಗದಷ್ಟು, ಬಿಡಲು ನೆರವಾಗುವಷ್ಟು. ಬೈಕ್ ಮೆಕ್ಯಾನಿಕ್ ಒಬ್ಬರ ಸಂದು ಅಳೆಯುವ ಫೀಲರ್ ಗೇಜ್ ಎರವಲು ತಂದು, ನಡುಗಾಲನ್ನು 0.15 ಮಿಲಿಮೀಟರ್ ಕುಗ್ಗುವವರೆಗೆ ಉಜ್ಜಿದೆ. ಅರ ಹಾಳೆಗಳ ಅಂಚನ್ನು ಒಂದರ ಮೇಲೊಂದು ಎಳೆದು ಕೂಡಿಸಿಬಿಡುತ್ತದೆ, ಹಾಗಾದರೆ ಸುಳಿ ಪ್ರವಾಹಕ್ಕೆ ಸೇತುವೆ ಕಟ್ಟಿಕೊಟ್ಟಂತೆ; ಕೊನೆಯ ಕೈ ಸಾಣೆಕಲ್ಲಿನಲ್ಲಿ ಎಣ್ಣೆ ಹಾಕಿ. ಈಗ ಕೆಂಪಿಗೆ ಬಿಟ್ಟಿತು.

ಆದರೆ ಹಿಡಿದಿರುವಾಗ ದುಂಬಿಯಂತೆ ಗುಂಯ್‌ಗುಡುತ್ತಿತ್ತು. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ, ನೂರು ಸಲವೂ ಕಾಂತ ಕ್ಷಣಕಾಲ ಕೈಬಿಡುತ್ತದೆ, ಸ್ಪ್ರಿಂಗ್ ಮೇಲೆ ನೂಕುತ್ತದೆ. ಇದನ್ನು ತಡೆಯಲು ಹೊರಗಾಲುಗಳ ಮುಖದಲ್ಲಿ ಒಂದು ಭಾಗವನ್ನು ಸುತ್ತುವರಿದು ತಾಮ್ರದ ಬಳೆ ಹುದುಗಿಸಿರುತ್ತಾರೆ, ಶೇಡಿಂಗ್ ರಿಂಗ್ ಎನ್ನುತ್ತಾರೆ. ಅದಕ್ಕೆ ಯಾವ ತಂತಿಯೂ ಇಲ್ಲ. ಬದಲಾಗುವ ಕ್ಷೇತ್ರವೇ ಅದರಲ್ಲಿ ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟ್ ಬಳೆಯೊಳಗಿನ ಕ್ಷೇತ್ರವನ್ನು ತುಸು ತಡ ಮಾಡಿಸುತ್ತದೆ. ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಕುಟ್ಟುವಾಗ ಒಬ್ಬರ ಒನಕೆ ಮೇಲಿದ್ದರೆ ಇನ್ನೊಬ್ಬರದು ಕೆಳಗಿರುತ್ತದಲ್ಲ, ಹಾಗೆ ಒಂದು ಭಾಗ ಸೊನ್ನೆಯಲ್ಲಿರುವಾಗ ಇನ್ನೊಂದು ಹಿಡಿದಿರುತ್ತದೆ. ನನ್ನದರಲ್ಲಿ ಒಂದು ಬಳೆ ಬಿರುಕು ಬಿಟ್ಟಿತ್ತು. ನನ್ನ ಅರದ ಕೆಲಸವೇ ಎಂದು ಎದೆ ಹಾರಿತು, ಆದರೆ ಬಿರುಕಿನ ಒಳಮುಖ ಕಪ್ಪಾಗಿತ್ತು, ಹಳೆಯದು. ಸುತ್ತು ಕಡಿದ ಬಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಇದ್ದೂ ಇಲ್ಲದ ಹಾಗೆ.

ಸೀಸದ ಬೆಸುಗೆ ಇಲ್ಲಿ ನಿಲ್ಲುವುದಿಲ್ಲ, ಬಳೆ ಬಿಸಿಯಾಗುತ್ತದೆ. ಊರಿನ ಅಕ್ಕಸಾಲಿಗರ ಬಳಿ ಹೋದೆ. ಹಳೆಯ ದಪ್ಪ ತಾಮ್ರದ ತಂತಿಯನ್ನು ಅಳತೆಗೆ ಬಗ್ಗಿಸಿ, ಬಿಳಿಗಾರ ಹಚ್ಚಿ, ಬೆಳ್ಳಿ ಬೆಸುಗೆ ಹಾಕಿ ಐದು ನಿಮಿಷದಲ್ಲಿ ಕೊಟ್ಟರು. “ಯಾರ ಬೆರಳಿಗೆ ಇದು, ಚೌಕವಾಗಿದೆ?” ಎಂದು ಕೇಳಿದರು. ಹೇಳಿದೆ. ದುಡ್ಡು ಮುಟ್ಟಲಿಲ್ಲ. ಬಳೆಯನ್ನು ಕಬ್ಬಿಣದ ಸೀಳಿನಲ್ಲಿ ಕೂರಿಸಿ, ಅರಾಲ್ಡೈಟ್ ತುಂಬಿ, ಒಂದು ರಾತ್ರಿ ಬಿಟ್ಟು, ಮುಖಕ್ಕೆ ಸಮವಾಗಿ ಸಾಣೆ ಹಿಡಿದೆ. ಗುಂಯ್ ಹೋಯಿತು; ಕಿವಿ ಹಚ್ಚಿದರೆ ಮಾತ್ರ ಒಂದು ಸಣ್ಣ ನಾದ.

ಉಳಿದದ್ದು ವೋಲ್ಟೇಜ್. ನಾವು ಲೈನಿನ ಕೊನೆಯಲ್ಲಿದ್ದೇವೆ, ರಾತ್ರಿ ಎಲ್ಲರ ಮೋಟಾರೂ ಓಡುವಾಗ ಮೀಟರಿನಲ್ಲಿ 340 ಕಂಡದ್ದುಂಟು. ಕಾಂತದ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ; 340ಕ್ಕೆ ಮೂರನೆಯ ಒಂದು ಭಾಗ ಬಲ ಹೋಯಿತು. ಆಗ, ಕರೆಂಟ್ ಬಂದೊಡನೆ ತಾನೇ ಮೋಟಾರು ಹಾಕುವ ಆಟೋ ಸ್ವಿಚ್ ಹಟ ಹಿಡಿದು ಎಳೆಸುತ್ತದೆ, ಇ ಅರ್ಧಕ್ಕೆ ಬಂದು ಬೀಳುತ್ತದೆ, ಮತ್ತೆ ಏಳುತ್ತದೆ, ಪ್ರತಿ ಸಲವೂ ಆ 410. ಆಟೋ ಸ್ವಿಚ್ ತೆಗೆಯೋಣ ಎಂದೆ. ನಡುರಾತ್ರಿ ಬ್ಯಾಟರಿ ಹಿಡಿದು ಹಾವುಗಳ ನಡುವೆ ಪಂಪ್‌ಮನೆಗೆ ಯಾರು ಬರುತ್ತಾರೆ ಎಂದು ಅಪ್ಪ ಕೇಳಿದರು. ನ್ಯಾಯವಾದ ಮಾತು. ವೋಲ್ಟೇಜ್ 360ಕ್ಕಿಂತ ಕೆಳಗಿದ್ದರೆ ಕಾಯಿಲ್‌ಗೆ ಕರೆಂಟನ್ನೇ ಬಿಡದ ಒಂದು ರಿಲೇ ಸೇರಿಸಿದೆ. ಪೆಟ್ಟಿಗೆಯ ತೂತುಗಳಿಗೆಲ್ಲ ರಬ್ಬರ್ ಬಿರಡೆ ಜಡಿದೆ.

ಒಂದು ಗಂಟೆ ಓಡಿಸಿ, ನಿಲ್ಲಿಸಿ, ಫ್ಯೂಸ್ ಕಿತ್ತು ಕಾಯಿಲ್ ಮುಟ್ಟಿ ನೋಡಿದೆ. ಬಿಸಿಲಲ್ಲಿಟ್ಟ ಹಿತ್ತಾಳೆ ಚೊಂಬಿನಷ್ಟು ಬೆಚ್ಚಗಿತ್ತು. ಅಪ್ಪನೂ ಮುಟ್ಟಿ ನೋಡಿದರು, ಏನೂ ಹೇಳಲಿಲ್ಲ. ಮುಂದಿನ ಸಲ ನಾನು ಊರಿಗೆ ಹೋದಾಗ ಪಂಪ್‌ಮನೆಯ ಮೊಳೆಗೆ ಅಂಗಡಿಯ ಹೊಸ ಕಾಯಿಲ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ನೇತಾಡುತ್ತಿತ್ತು. ಈ ಯುಗಾದಿಗೂ ಅದು ಅಲ್ಲೇ ಇದೆ, ಚೀಲ ಬಿಚ್ಚಿಲ್ಲ. ಅದರ ಮೇಲೆ ಕಡಜವೊಂದು ಗೂಡಿಗೆ ಮಣ್ಣು ತರಲು ಶುರುಮಾಡಿದೆ.